ಹಿಡಿದು ತಂದ ಕೇರೆ ಹಾವಿನ ಆರೈಕೆ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಐದು ಪತ್ರಗಳು ಕೇರೆ ಹಾವಿಗೆ ಸಂಬಂಧಿಸಿದವು. ಗದಗ, ಹುಬ್ಬಳ್ಳಿ, ಧಾರವಾಡ, ಹಾವೇರಿ ಹೀಗೆ ಬೇರೆ ಬೇರೆ ಕಡೆಯಿಂದ ಬಂದಿದ್ದರೂ ಅವುಗಳಲ್ಲಿ ಒಂದೇ ಆತಂಕವಿದೆ: ಹೊಲದಲ್ಲಿ ಚೆನ್ನಾಗಿಯೇ ಇದ್ದ ಹಾವು ನಮ್ಮ ಕೈಗೆ ಬಂದ ಮೇಲೆ ಏಕೆ ಸೊರಗುತ್ತದೆ? ಆದ್ದರಿಂದ ದನಕರುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಪುಟಗಳನ್ನು ಕೇರೆ ಹಾವಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಗದಗ ತಾಲ್ಲೂಕಿನ ಒಂದು ಹಳ್ಳಿ. ಹನ್ನೆರಡು ದಿನಗಳ ಹಿಂದೆ ಹತ್ತಿ ಹೊಲದಲ್ಲಿ ಎಡೆ ಹೊಡೆಯುವಾಗ ಸಿಕ್ಕ ಆರು ಅಡಿ ಉದ್ದದ ಕೇರೆ ಹಾವನ್ನು ನನ್ನ ಮೈದುನ ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಬಂದು, ಮೀನು ಸಾಕುತ್ತಿದ್ದ ಹಳೆಯ ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದಾನೆ. ಕಾಳಿನ ಕೋಣೆಯಲ್ಲಿ ಇಲಿಯ ಕಾಟ ಹೆಚ್ಚಾಗಿದೆ. ಹಾವನ್ನು ಪಳಗಿಸಿ ಅಲ್ಲಿ ಬಿಡಬೇಕೆಂಬುದು ಅವನ ಆಸೆ. ಅದು ಇಲ್ಲಿಯವರೆಗೆ ಏನನ್ನೂ ತಿಂದಿಲ್ಲ, ಹಾಲು ಇಟ್ಟರೂ ಮುಟ್ಟಿಲ್ಲ. ಮೂತಿಯ ತುದಿಯ ಚರ್ಮ ಕಿತ್ತು ರಕ್ತ ಬರುತ್ತಿದೆ. ಅದನ್ನು ಬದುಕಿಸಲು ಏನು ಮಾಡಬೇಕು?

ಉತ್ತರ: ತಾಯಿ, ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಸಲಹೆಯೆಲ್ಲ ಅದರ ಮೇಲೆ ನಿಂತಿದೆ. ಕೇರೆ ಹಾವು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗಿನಿಂದ ಅದು ಮೊದಲನೆಯ ಅನುಸೂಚಿಯಲ್ಲಿದೆ. ಕಾಯ್ದೆಯ ಅರ್ಥದಲ್ಲಿ ಹಿಡಿಯುವುದೂ ಬೇಟೆಯೇ. ಅನುಮತಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ; ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ನಿಮ್ಮ ಮೈದುನನಲ್ಲಿ ಕೆಟ್ಟ ಉದ್ದೇಶವಿಲ್ಲವೆಂಬುದು ಪತ್ರ ಓದಿದರೇ ತಿಳಿಯುತ್ತದೆ. ಹಾವು ಕಂಡ ಕೂಡಲೇ ಬಡಿಗೆ ಎತ್ತುವವರ ನಡುವೆ ಆತ ಅದನ್ನು ಜೀವಂತವಾಗಿ ತಂದಿದ್ದಾನೆ. ಹಾಗಿದ್ದರೂ ಇಂದೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ, ಹಾವನ್ನು ಅವರಿಗೆ ಒಪ್ಪಿಸಿರಿ. ಮೂತಿಗೆ ಗಾಯವಾಗಿರುವುದನ್ನೂ ಹನ್ನೆರಡು ದಿನ ತಿಂದಿಲ್ಲವೆಂಬುದನ್ನೂ ಅವರಿಗೆ ಮರೆಯದೆ ಹೇಳಿರಿ. ವೈದ್ಯರು ನೋಡಬೇಕೋ, ನೇರವಾಗಿ ಹೊಲಕ್ಕೆ ಬಿಡಬಹುದೋ ಎಂದು ನಿರ್ಧರಿಸಲು ಈ ಎರಡು ಸಂಗತಿಗಳು ಮುಖ್ಯ.

ಈಗ ಮೂತಿಯ ಗಾಯದ ವಿಷಯ. ಕೇರೆ ಹಗಲಿನಲ್ಲಿ ಸಂಚರಿಸುವ, ಬಹಳ ಚುರುಕಾದ, ಅಷ್ಟೇ ಅಂಜುಬುರುಕ ಹಾವು. ಹೆಬ್ಬಾವು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ದಿನಗಟ್ಟಲೆ ಬಿದ್ದಿರಬಲ್ಲದು; ಕೇರೆಗೆ ಆ ಸ್ವಭಾವವಿಲ್ಲ. ಎದುರಿಗೆ ಮನುಷ್ಯರು ಓಡಾಡುವುದು ಕಂಡರೆ ಅದಕ್ಕೆ ತಿಳಿದಿರುವುದು ಓಡುವುದೊಂದೇ. ಗಾಜು ಅದರ ಕಣ್ಣಿಗೆ ತಡೆಯಾಗಿ ಕಾಣುವುದಿಲ್ಲ, ಬಯಲಾಗಿಯೇ ಕಾಣುತ್ತದೆ. ಆದ್ದರಿಂದ ಮೂತಿಯಿಂದ ಮತ್ತೆ ಮತ್ತೆ ತಿವಿಯುತ್ತದೆ. ಮೊದಲು ತುದಿಯ ಹುರುಪೆ ಹೋಗುತ್ತದೆ, ಬಳಿಕ ಚರ್ಮ, ಬಳಿಕ ಮೂಳೆ ಕಾಣುತ್ತದೆ. ಅಲ್ಲಿಂದ ಸೋಂಕು ವಸಡಿಗೆ ಇಳಿದು ಬಾಯಿ ಕೊಳೆಯಲು ತೊಡಗುತ್ತದೆ. ತಂತಿ ಜಾಲರಿಯ ಪಂಜರ ಗಾಜಿಗಿಂತಲೂ ಕೆಟ್ಟದ್ದು, ಏಕೆಂದರೆ ಅದು ಅರದಂತೆ ಉಜ್ಜುತ್ತದೆ.

ಅರಣ್ಯ ಸಿಬ್ಬಂದಿ ಬರುವವರೆಗೆ ನೀವು ಮಾಡಬೇಕಾದದ್ದು ಸ್ವಲ್ಪವೇ. ತೊಟ್ಟಿಯ ನಾಲ್ಕೂ ಬದಿಗೆ ದಪ್ಪ ಬಟ್ಟೆ ಹೊದಿಸಿ, ಗಾಳಿಗೆ ಮೇಲ್ಭಾಗ ಮಾತ್ರ ಸ್ವಲ್ಪ ತೆರವಿರಲಿ. ಆದರೆ ಮುಚ್ಚಳ ಭದ್ರವಾಗಿರಲಿ. ಒಳಗೆ ಹಳೆಯ ಪತ್ರಿಕೆ ಹಾಸಿ, ರಟ್ಟಿನ ಪೆಟ್ಟಿಗೆಯೊಂದಕ್ಕೆ ತೂತು ಮಾಡಿ ಬೋರಲು ಹಾಕಿರಿ. ಅದರೊಳಗೆ ಹೋಗಿ ಅಡಗಲು ಸಾಧ್ಯವಾದ ಕೂಡಲೇ ಬಡಿದುಕೊಳ್ಳುವುದು ಬಹುಮಟ್ಟಿಗೆ ನಿಲ್ಲುತ್ತದೆ. ಸುಲಭವಾಗಿ ಮಗುಚದ ಅಗಲವಾದ ಪಾತ್ರೆಯಲ್ಲಿ ನೀರಿಡಿ. ತೊಟ್ಟಿಯನ್ನು ಬಿಸಿಲಿನಲ್ಲಿ ಇಡಬೇಡಿ. ಬಿಸಿಲಿಗೆ ಇಟ್ಟ ಗಾಜಿನ ತೊಟ್ಟಿಯೊಳಗೆ ಕಾವು ಎಷ್ಟು ಬೇಗ ಏರುತ್ತದೆಂದರೆ, ಹಾವು ಅರ್ಧ ಗಂಟೆಯೊಳಗೆ ಸಾಯಬಹುದು. ನೋಡಲು ಬರುವ ಓಣಿಯ ಮಕ್ಕಳನ್ನು ಇವತ್ತಿನಿಂದ ತಡೆಯಿರಿ. ಗಾಯಕ್ಕೆ ಅರಿಷಿಣ, ಎಣ್ಣೆ, ಸುಣ್ಣ ಯಾವುದನ್ನೂ ಹಚ್ಚಬೇಡಿ.

ಹಾಲನ್ನು ಈಗಲೇ ತೆಗೆದುಬಿಡಿ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಅದರ ಹೊಟ್ಟೆಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಾರಿ ಬಳಲಿದ ಹಾವು ಬೇರೆ ಗತಿಯಿಲ್ಲದೆ ಅದನ್ನು ಹೀರಿದರೆ ಬೇಧಿಯಾಗುತ್ತದೆ. ಬಲವಂತವಾಗಿ ಬಾಯಿಗೆ ಹೊಯ್ದರೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪಂಚಮಿಯ ಹಬ್ಬದಲ್ಲಿ ಹುತ್ತಕ್ಕೆ ಹಾಲೆರೆಯುವ ನಂಬಿಕೆಯ ಚರ್ಚೆ ಇಲ್ಲಿ ಬೇಡ; ಸೆರೆಯಲ್ಲಿರುವ ಹಾವಿನ ಮುಂದೆ ಮಾತ್ರ ಹಾಲಿನ ಬಟ್ಟಲು ಇರಕೂಡದು.

ಹನ್ನೆರಡು ದಿನಗಳ ಉಪವಾಸ ಆರೋಗ್ಯವಂತ ದೊಡ್ಡ ಕೇರೆಯನ್ನು ಕೊಲ್ಲುವುದಿಲ್ಲ. ಹೊಲದಲ್ಲಿಯೂ ಅದು ವಾರಗಟ್ಟಲೆ ಬರಿಹೊಟ್ಟೆಯಲ್ಲಿ ಇರಬಲ್ಲದು. ಹೆದರಿದ ಹಾವು ತಿನ್ನುವುದಿಲ್ಲ; ಹೆದರಿಕೆ ಹೋಗದೆ ತಿನ್ನಿಸಲು ಹೊರಟರೆ ಅನಾಹುತವಾಗುತ್ತದೆ. ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ವೃತ್ತಿಗೆ ಬಂದ ಹೊಸತರಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ, ಸೊರಗಿದ ಕೇರೆಯೊಂದನ್ನು ನನ್ನ ಬಳಿ ತಂದಿದ್ದರು. ಮೈ ತಣ್ಣಗಿತ್ತು, ಚರ್ಮ ಸುಕ್ಕುಗಟ್ಟಿತ್ತು. ಹಸಿವೇ ಅದರ ರೋಗವೆಂದು ಭಾವಿಸಿ, ಸತ್ತ ಇಲಿಯನ್ನು ಚಿಮಟದಿಂದ ಗಂಟಲಿಗೆ ಇಳಿಸಿದೆ. ಮರುದಿನ ಅದು ಕೊಳೆತ ಇಲಿಯನ್ನು ಹಾಗೆಯೇ ಕಾರಿತು, ಮೂರನೆಯ ದಿನ ಸತ್ತುಹೋಯಿತು. ಮೈಯಲ್ಲಿ ನೀರಿಲ್ಲದ, ಕಾವಿಲ್ಲದ ಹಾವಿನ ಕರುಳು ಕೆಲಸ ಮಾಡುವುದಿಲ್ಲ. ಒಳಗೆ ಹೋದ ಆಹಾರ ಜೀರ್ಣವಾಗುವ ಬದಲು ಕೊಳೆಯುತ್ತದೆ. ಮೊದಲು ಕತ್ತಲೆ ಮತ್ತು ನಿಶ್ಶಬ್ದ, ಆಮೇಲೆ ಹದವಾದ ಕಾವು, ಆಮೇಲೆ ನೀರು, ಕೊನೆಗೆ ಆಹಾರ ಎಂಬ ಕ್ರಮವನ್ನು ಅಂದಿನಿಂದ ನಾನು ಮೀರಿಲ್ಲ.

ಕಾಳಿನ ಕೋಣೆಯ ಆಸೆಯನ್ನು ಮೈದುನ ಕೈಬಿಡಬೇಕು. ಬೆಕ್ಕಿನಂತೆ ಕೇರೆ ಮನೆಗೆ ಒಗ್ಗಿಕೊಳ್ಳುವುದಿಲ್ಲ. ಕೋಣೆಯಲ್ಲಿ ಬಿಟ್ಟ ರಾತ್ರಿಯೇ ಬಾಗಿಲ ಸಂದಿನಿಂದ ಹೊರಬೀಳುತ್ತದೆ. ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಒಟ್ಟಿ, ಬಿಲಗಳನ್ನು ಗಾಜಿನ ಚೂರು ಬೆರೆಸಿದ ಸಿಮೆಂಟಿನಿಂದ ಮುಚ್ಚಿರಿ. ಹಾವು ಹೊಲದ ಬದುವಿನಲ್ಲಿ ಇದ್ದರೆ ಇಲಿಯ ಬಿಲದೊಳಗೇ ಹೊಕ್ಕು, ಕಣ್ಣು ತೆರೆಯದ ಮರಿಗಳನ್ನೂ ಸೇರಿಸಿ ತಿಂದು ಬರುತ್ತದೆ. ನಿಮ್ಮ ಹತ್ತಿಗೂ ಕಡಲೆಗೂ ಅದರಿಂದ ಆಗುವ ಉಪಕಾರ ಅಲ್ಲಿದೆ.

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಅರಣ್ಯ ಇಲಾಖೆಯ ಅನುಮತಿ ಪಡೆದ ರಕ್ಷಣಾ ಕೇಂದ್ರವೊಂದರಲ್ಲಿ ಸ್ವಯಂಸೇವಕನಾಗಿದ್ದೇನೆ. ಸದ್ಯ ನಮ್ಮಲ್ಲಿ ಎರಡು ಕೇರೆಗಳಿವೆ. ಒಂದು ತೋಟದ ಬೇಲಿಗೆ ಕಟ್ಟಿದ ನೈಲಾನ್ ಬಲೆಯಲ್ಲಿ ಸಿಕ್ಕಿ ನಡುಮೈ ಕೊಯ್ದುಕೊಂಡಿದೆ. ಇನ್ನೊಂದಕ್ಕೆ ಸಲಿಕೆಯ ಪೆಟ್ಟು ಬಿದ್ದಿದೆ. ಗಾಯ ಮಾಯಲು ಐದಾರು ವಾರ ಬೇಕೆಂದು ವೈದ್ಯರು ಹೇಳಿದ್ದಾರೆ. ಅಲ್ಲಿಯವರೆಗೆ ಅವುಗಳನ್ನು ಹೇಗೆ ಇಡಬೇಕು? ಮೈಮೇಲೆ ಉಣ್ಣೆಗಳಿವೆ. ಒಂದು ಹಾವು ಹತ್ತಿರ ಹೋದಾಗಲೆಲ್ಲ ಗುರುಗುಟ್ಟುತ್ತದೆ, ಶ್ವಾಸಕೋಶದ ರೋಗವಿರಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನೀವು ಹತ್ತಿರ ಹೋದಾಗ ಮಾತ್ರ ಗುರುಗುಟ್ಟುತ್ತಿದ್ದರೆ ಅದು ರೋಗವಲ್ಲ. ಕೇರೆ ಹೆದರಿದಾಗ ಕತ್ತನ್ನು ಪಕ್ಕಕ್ಕೆ ಒತ್ತಿ, ಗಂಟಲು ಉಬ್ಬಿಸಿ, ನಾಯಿಯಂತೆ ಗುರ್ರೆನ್ನುವುದು ಅದರ ಹುಟ್ಟುಗುಣ. ಯಾರೂ ಇಲ್ಲದಿರುವಾಗಲೂ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬರುವುದು, ಮೂಗಿನಲ್ಲಿ ಅಥವಾ ಬಾಯಲ್ಲಿ ನೊರೆ ಕಾಣುವುದು, ತಲೆಯನ್ನು ಮೇಲೆತ್ತಿ ಬಾಯಿ ತೆರೆದುಕೊಂಡೇ ಇರುವುದು ಇವು ರೋಗದ ಲಕ್ಷಣಗಳು. ಹಾವಿಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಇಲ್ಲದಿರುವುದರಿಂದ ನಮ್ಮಂತೆ ಕೆಮ್ಮಿ ಕಫವನ್ನು ಹೊರಹಾಕಲಾರದು. ಆದ್ದರಿಂದ ಈ ಲಕ್ಷಣ ಕಂಡ ದಿನವೇ ವೈದ್ಯರಿಗೆ ತೋರಿಸಬೇಕು.

ಎರಡೂ ಹಾವುಗಳನ್ನು ಒಂದೇ ಗೂಡಿನಲ್ಲಿ ಇಡಬೇಡಿ. ಕೇರೆ ಬೇರೆ ಹಾವುಗಳನ್ನೂ ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಆರಡಿ ಹಾವಿಗೆ ಆರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಗೂಡು ಬೇಕು. ಮೂರು ಬದಿ ಹಲಗೆಯದಾಗಿರಲಿ, ಮುಂಭಾಗಕ್ಕೆ ಪರದೆಯಿರಲಿ, ಗಾಳಿಕಿಂಡಿಗಳು ಮೂತಿಗೆ ಎಟುಕದ ಎತ್ತರದಲ್ಲಿ ಇರಲಿ. ಗಾಯವಿರುವ ಹಾವಿಗೆ ಮಣ್ಣು, ಹೊಟ್ಟು, ತೆಂಗಿನ ನಾರು ಬೇಡ. ಪತ್ರಿಕೆಯ ಹಾಳೆಯೇ ಉತ್ತಮ, ಏಕೆಂದರೆ ಹಿಕ್ಕೆ, ರಕ್ತ, ಹುಳು ಏನಿದ್ದರೂ ಅದರ ಮೇಲೆ ಕೂಡಲೇ ಕಾಣುತ್ತದೆ. ಅಡಗುವ ಪೆಟ್ಟಿಗೆಗಳು ಎರಡಿರಲಿ, ಒಂದು ಬೆಚ್ಚಗಿನ ಕೊನೆಯಲ್ಲಿ, ಇನ್ನೊಂದು ತಂಪಾದ ಕೊನೆಯಲ್ಲಿ. ಒಂದೇ ಪೆಟ್ಟಿಗೆ ಇಟ್ಟರೆ ಹಾವು ಅಡಗುವುದೋ ಮೈ ಕಾಯಿಸುವುದೋ ಎಂಬ ಇಕ್ಕಟ್ಟಿಗೆ ಸಿಲುಕಿ, ಸಾಮಾನ್ಯವಾಗಿ ಅಡಗುವುದನ್ನೇ ಆರಿಸಿಕೊಂಡು ಚಳಿಯಲ್ಲಿ ಉಳಿಯುತ್ತದೆ.

ಹಗಲಿನಲ್ಲಿ ಗೂಡಿನ ಕಾವು 26ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಒಂದು ಮೂಲೆಯಲ್ಲಿ 32 ಡಿಗ್ರಿಯ ತಾಣವಿರಬೇಕು. ಮುಂಗಾರಿನಲ್ಲಿ ಇದು ಕಷ್ಟವಲ್ಲ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹುಬ್ಬಳ್ಳಿ-ಧಾರವಾಡದ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಗ ಗೂಡಿನ ಹೊರಬದಿಯಿಂದ ಕಾವು ಕೊಡಲೇಬೇಕು. ಬಲ್ಬನ್ನು ಗೂಡಿನೊಳಗೆ ತೂಗುಹಾಕಿದರೆ ಹಾವು ಅದಕ್ಕೇ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಇನ್ನೊಂದು ಮಾತು: ತಣ್ಣಗಿರುವ ಹಾವಿನ ಮೈಯಲ್ಲಿ ಆಂಟಿಬಯೋಟಿಕ್ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಯಕ್ಕೆ ದುಬಾರಿ ಚುಚ್ಚುಮದ್ದು ಕೊಟ್ಟೂ ವಾಸಿಯಾಗಲಿಲ್ಲವೆಂದು ಬರುವ ಪ್ರಕರಣಗಳಲ್ಲಿ ನಾನು ಮೊದಲು ಕೇಳುವುದು ಗೂಡಿನ ತಾಪಮಾನವನ್ನೇ. ಥರ್ಮಾಮೀಟರ್ ಇಲ್ಲದ ಗೂಡಿನಲ್ಲಿ ಚಿಕಿತ್ಸೆ ಮಾಡುವುದು ಕಣ್ಣು ಕಟ್ಟಿಕೊಂಡು ನಡೆದಂತೆ.

ಉಣ್ಣೆಗಳನ್ನು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೆಟ್ಟಗೆ ಎಳೆದು ತೆಗೆಯಬೇಕು. ತೆಗೆದ ಜಾಗಕ್ಕೆ ತೆಳುಮಾಡಿದ ಪೊವಿಡೋನ್ ಅಯೋಡಿನ್ ಮುಟ್ಟಿಸಬೇಕು. ಎತ್ತಿನ ಉಣ್ಣೆಗೆ ಸೀಮೆಎಣ್ಣೆ, ತಂಬಾಕಿನ ನೀರು ಹಚ್ಚುವ ರೂಢಿ ನಮ್ಮಲ್ಲಿದೆ. ಹಾವಿಗೆ ಎರಡೂ ವಿಷ. ಉಣ್ಣೆಗಿಂತ ಹೆಚ್ಚು ಕಾಡುವುದು ನುಸಿ. ನೀರಿನ ಬಟ್ಟಲಿನ ತಳದಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಕಪ್ಪು ಚುಕ್ಕೆಗಳು ಬಿದ್ದಿದ್ದರೆ, ಗದ್ದದ ಹುರುಪೆಗಳ ಸಂದಿಯಲ್ಲಿ ಮತ್ತು ಕಣ್ಣಿನ ಅಂಚಿನಲ್ಲಿ ಅವೇ ಚುಕ್ಕೆಗಳು ಕಂಡರೆ ಅದು ನುಸಿಯೇ. ಗೂಡಿನ ಪ್ರತಿಯೊಂದು ಬಿರುಕಿನಲ್ಲಿ ಅದು ಮೊಟ್ಟೆಯಿಡುವುದರಿಂದ ಹಾವಿನ ಜೊತೆಗೆ ಗೂಡಿಗೂ ಚಿಕಿತ್ಸೆ ಆಗಬೇಕು. ಗೂಡು ತೊಳೆಯಲು ಫಿನೈಲ್ ಬಳಸಬೇಡಿ. ಅದರ ಆವಿ ಸರೀಸೃಪಗಳಿಗೆ ಹಾನಿಕರ. ಬಟ್ಟೆಯ ಬ್ಲೀಚಿನ ಒಂದು ಪಾಲನ್ನು ಮೂವತ್ತು ಪಾಲು ನೀರಿಗೆ ಬೆರೆಸಿ ಒರೆಸಿ, ಶುದ್ಧ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿದರೆ ಸಾಕು. ಆ ಹೊತ್ತಿನಲ್ಲಿ ಹಾವು ಬೇರೆ ಕಡೆ ಇರಬೇಕು.

ಕಾಡಿನಿಂದ, ಹೊಲದಿಂದ ಬಂದ ಬಹುತೇಕ ಎಲ್ಲ ಕೇರೆಗಳ ಹೊಟ್ಟೆಯಲ್ಲಿ ಜಂತುಹುಳುಗಳಿರುತ್ತವೆ. ಹೊರಗೆ ಇರುವಾಗ ಹುಳುವೂ ಹಾವೂ ಒಂದಕ್ಕೊಂದು ಹೊಂದಿಕೊಂಡು ಬದುಕುತ್ತವೆ. ಸೆರೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೆಡುತ್ತವೆ: ಭಯದಿಂದ ಹಾವಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಇಕ್ಕಟ್ಟಾದ ಜಾಗದಲ್ಲಿ ತನ್ನದೇ ಹಿಕ್ಕೆಯ ಮೇಲೆ ಹರಿದಾಡುವುದರಿಂದ ಹುಳುವಿನ ಮರಿಗಳು ಮತ್ತೆ ಮತ್ತೆ ಅದರ ಮೈ ಸೇರುತ್ತವೆ. ಒಂದು ತಿಂಗಳ ಬಳಿಕ, ಆಹಾರ ತಿನ್ನುತ್ತಿದ್ದರೂ ಹಾವು ಬಡಕಲಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಇದೇ. ಹಿಕ್ಕೆಯನ್ನು ಹಾಕಿದ ದಿನವೇ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸಿ. ಒಮ್ಮೆ ಏನೂ ಕಾಣಲಿಲ್ಲವೆಂದು ಬಿಡದೆ ಮೂರು ಸಲವಾದರೂ ಪರೀಕ್ಷಿಸಿ. ದುಂಡುಹುಳುಗಳಿಗೆ ಫೆನ್‌ಬೆಂಡಜೋಲ್, ಲಾಡಿಹುಳುಗಳಿಗೆ ಪ್ರಾಜಿಕ್ವಾಂಟೆಲ್ ಕೊಡುವುದು ರೂಢಿ; ಹತ್ತರಿಂದ ಹದಿನಾಲ್ಕು ದಿನಗಳ ಬಳಿಕ ಇನ್ನೊಮ್ಮೆ ಕೊಡಬೇಕಾಗುತ್ತದೆ. ಪ್ರಮಾಣವನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಹಾವನ್ನು ತೂಗಿ, ಅದರ ನಿತ್ರಾಣವನ್ನು ನೋಡಿ ನಿಮ್ಮ ವೈದ್ಯರೇ ನಿರ್ಧರಿಸಬೇಕು. ನಿಮ್ಮ ಕೇಂದ್ರದಲ್ಲಿ ಆಮೆಗಳಿದ್ದರೆ ಒಂದು ಎಚ್ಚರಿಕೆ: ಹುಳು, ನುಸಿಗಳಿಗೆಂದು ಹಾವಿಗೆ ಕೊಡುವ ಐವರ್‌ಮೆಕ್ಟಿನ್ ಎಂಬ ಔಷಧಿ ಆಮೆಯನ್ನು ಕೊಲ್ಲಬಲ್ಲದು.

ಆಹಾರದ ವಿಷಯದಲ್ಲಿ ಮೊದಲ ಐದಾರು ದಿನ ನೀರು ಮಾತ್ರ ಇರಲಿ. ಬಳಿಕ, ಹಾವಿನ ನಡುಮೈಗಿಂತ ದಪ್ಪವಿಲ್ಲದ ಸತ್ತ ಇಲಿಯನ್ನು ಬೆಳಗಿನ ಹೊತ್ತಿನಲ್ಲಿ ಅಡಗುಪೆಟ್ಟಿಗೆಯ ಬಾಯಿಗೆ ಇಟ್ಟು, ಪರದೆ ಎಳೆದು, ಆಚೆ ಹೋಗಿಬಿಡಿ. ಇಣುಕಬೇಡಿ. ಜೀವಂತ ಇಲಿಯನ್ನು ಒಳಗೆ ಬಿಟ್ಟರೆ, ಹಸಿವಿಲ್ಲದ ಹಾವಿನ ಬೆನ್ನನ್ನು ಅದು ರಾತ್ರಿಯಿಡೀ ಕಡಿದು ತಿನ್ನುತ್ತದೆ. ಅಂಗಡಿಯಿಂದ, ಹೊಲದಿಂದ ಹಿಡಿದ ಇಲಿ ಬೇಡವೇ ಬೇಡ. ಬ್ರೋಮಾಡಿಯೋಲೋನ್‌ನಂಥ ಇಲಿಪಾಷಾಣ ತಿಂದ ಇಲಿಯ ಮೂಲಕ ವಿಷ ಹಾವಿಗೂ ದಾಟುತ್ತದೆ. ಕೇರೆಗೆ ಕಪ್ಪೆ ಬಲು ಇಷ್ಟ, ಆದರೆ ಕಪ್ಪೆಯ ಜೊತೆಗೆ ಹುಳುಗಳೂ ಬರುತ್ತವೆ. ಹಾಗಾಗಿ ಸಾಕಿದ ಇಲಿಗಳನ್ನೇ ತರಿಸಿಕೊಳ್ಳಿ. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ತಿಂದರೆ ದೊಡ್ಡ ಹಾವಿಗೆ ಸಾಕಾಗುತ್ತದೆ. ತಿಂದ ಮೇಲೆ ಮೂರು ದಿನ ಅದನ್ನು ಮುಟ್ಟಬಾರದು, ಮುಟ್ಟಿದರೆ ಕಾರುತ್ತದೆ. ಪ್ರತಿ ವಾರ ತೂಕ ಬರೆದಿಡಿ. ಬೆನ್ನುಮೂಳೆ ಏಣಿನಂತೆ ಎದ್ದು ಕಾಣುವವರೆಗೆ ಕಾದರೆ ತಡವಾಗಿರುತ್ತದೆ. ತಕ್ಕಡಿ ಅದನ್ನು ಎಷ್ಟೋ ದಿನ ಮೊದಲೇ ಹೇಳುತ್ತದೆ.

ಹಾವನ್ನು ಎತ್ತುವಾಗ ಬಾಲ ಹಿಡಿದು ತೂಗುಹಾಕಬೇಡಿ. ಅದು ತನ್ನದೇ ಭಾರಕ್ಕೆ, ಒದ್ದಾಟಕ್ಕೆ ಬೆನ್ನುಮೂಳೆಯ ಕೀಲು ತಪ್ಪಿಸಿಕೊಳ್ಳುತ್ತದೆ. ಎರಡು ಕಡೆ ಆಧಾರವಿರಬೇಕು. ಸಾಗಿಸಲು ಒಗೆದ ಹತ್ತಿಯ ಚೀಲವೇ ಬೇಕು. ಯೂರಿಯಾ ಚೀಲದೊಳಗೆ ಗಾಳಿ ಆಡುವುದಿಲ್ಲ, ಗೊಬ್ಬರದ ಪುಡಿ ಕಣ್ಣು ಬಾಯಿಗೆ ತಾಗುತ್ತದೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ; ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ.

ಪ್ರಶ್ನೆ: ಧಾರವಾಡದಲ್ಲಿ ಓದುತ್ತಿರುವ ನಾನು ಅದೇ ಬಗೆಯ ಕೇಂದ್ರವೊಂದಕ್ಕೆ ಭಾನುವಾರಗಳಂದು ಹೋಗುತ್ತೇನೆ. ಅಲ್ಲಿರುವ ಕೇರೆಯೊಂದು ಪೊರೆಯನ್ನು ತುಂಡು ತುಂಡಾಗಿ ಬಿಟ್ಟಿದೆ. ಒಂದು ಕಣ್ಣು ಇನ್ನೂ ಮಂಜಾಗಿದೆ. ಚಿಮಟದಿಂದ ಸಿಪ್ಪೆ ತೆಗೆಯಬಹುದೇ?

ಉತ್ತರ: ತೆಗೆಯಬೇಡಿ. ಹಾವಿಗೆ ಕಣ್ಣಿನ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಹುರುಪೆಯಿದ್ದು, ಪೊರೆಯ ಜೊತೆಗೆ ಅದರ ಮೇಲ್ಪದರವೂ ಕಳಚುತ್ತದೆ. ಹಳೆಯ ಪದರವೆಂದು ಹೊಸದನ್ನೂ ಸೇರಿಸಿ ಕಿತ್ತರೆ ಕಣ್ಣೇ ಹೋಗುತ್ತದೆ. ಪೊರೆ ತುಂಡಾಗಿ ಬರುವುದಕ್ಕೆ ಮುಖ್ಯ ಕಾರಣ ಮೈಯಲ್ಲಿ ಮತ್ತು ಗೂಡಿನಲ್ಲಿ ತೇವ ಸಾಲದಿರುವುದು. ಮುಚ್ಚಳವಿರುವ ಡಬ್ಬಕ್ಕೆ ಗಾಳಿಯ ತೂತು ಮಾಡಿ, ಹಿಂಡಿದ ಒದ್ದೆ ಟವೆಲ್ ಹಾಸಿ, ಬೆಚ್ಚಗಿನ ಕೋಣೆಯಲ್ಲಿ ಅರ್ಧ ಗಂಟೆ ಹಾವನ್ನು ಅದರೊಳಗೆ ಬಿಟ್ಟರೆ ಟವೆಲಿಗೆ ಮೈಯುಜ್ಜಿಕೊಂಡು ಉಳಿದದ್ದನ್ನು ತಾನೇ ಕಳಚುತ್ತದೆ. ಎರಡು ಮೂರು ದಿನ ಹೀಗೆ ಮಾಡಿಯೂ ಕಣ್ಣು ತಿಳಿಯಾಗದಿದ್ದರೆ ಮುಂದಿನ ಪೊರೆಯವರೆಗೆ ಕಾಯಿರಿ ಅಥವಾ ವೈದ್ಯರಿಗೆ ಬಿಡಿರಿ. ಬಾಲದ ತುದಿಯನ್ನು ಮಾತ್ರ ಗಮನಿಸಿ. ಅಲ್ಲಿ ಉಂಗುರದಂತೆ ಉಳಿದ ಪೊರೆ ಬಿಗಿದುಕೊಂಡು ರಕ್ತಸಂಚಾರವನ್ನು ನಿಲ್ಲಿಸುತ್ತದೆ.

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು. ಗೋವಿನಜೋಳದ ಕಣಿಕೆಯ ಬಣವಿ ಕೀಳುವಾಗ ಹತ್ತು ಮೊಟ್ಟೆಗಳು ಸಿಕ್ಕವು. ಪಕ್ಕದಲ್ಲೇ ಕೇರೆ ಹರಿದುಹೋಯಿತು. ಮೊಟ್ಟೆಗಳನ್ನು ಬಕೆಟ್ಟಿನಲ್ಲಿ ಉಸುಕು ಹಾಕಿ ಇಟ್ಟಿದ್ದೇವೆ. ಮರಿ ಮಾಡಿಸಿ ಸಾಕಬಹುದೇ?

ಉತ್ತರ: ಸಾಕುವಂತಿಲ್ಲ; ಕಾಯ್ದೆಯ ರಕ್ಷಣೆ ಮೊಟ್ಟೆಗೂ ಇದೆ. ಅರಣ್ಯ ಇಲಾಖೆಗೆ ತಿಳಿಸಿರಿ. ಅವರು ಬರುವವರೆಗೆ ಮೊಟ್ಟೆಗಳನ್ನು ಹೊರಳಿಸಬೇಡಿ. ಕೋಳಿಮೊಟ್ಟೆಯಂತೆ ಹೊರಳಿಸಿದರೆ ಒಳಗಿನ ಭ್ರೂಣ ಸಾಯಬಹುದು. ಆದ್ದರಿಂದ ಈಗ ಮೇಲಿರುವ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಬದಿ ಮೇಲಿರುವಂತೆ ನೋಡಿಕೊಳ್ಳಿ. ಒಣ ಉಸುಕು ಮೊಟ್ಟೆಯ ನೀರನ್ನು ಹೀರುತ್ತದೆ; ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವವಿರುವ ಉಸುಕು ಬೇಕು. ಕೇರೆಯ ಮೊಟ್ಟೆಗಳು ಒಡೆಯಲು ಸುಮಾರು 60 ದಿನ ಹಿಡಿಯುತ್ತದೆ. ಹೊರಬರುವ ಮರಿ ಒಂದು ಅಡಿಗಿಂತ ಉದ್ದವಾಗಿದ್ದು, ಹುಟ್ಟಿದಂದಿನಿಂದಲೇ ತನ್ನ ಹೊಟ್ಟೆಪಾಡು ನೋಡಿಕೊಳ್ಳುವ ಶಕ್ತಿ ಪಡೆದಿರುತ್ತದೆ. ಮೊಟ್ಟೆ ಹಾವಿನದೆಂಬುದು ಖಚಿತ, ಕೇರೆಯದೆಂಬುದು ಖಚಿತವಲ್ಲ. ನಾಗರವೂ ಇಂಥ ಜಾಗದಲ್ಲಿಯೇ ಇಡುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿರಿ.

ಪ್ರಶ್ನೆ: ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಶಿಕ್ಷಕಿ. ನಮ್ಮ ಶಾಲೆಯ ಹಿತ್ತಲಿನಲ್ಲಿ ಗಾಯಗೊಂಡ ಕೇರೆಯನ್ನು ಇಲಾಖೆಯವರು ಒಯ್ದು ಚಿಕಿತ್ಸೆ ಕೊಡಿಸಿದ್ದಾರೆ. ಗುಣವಾದ ಮೇಲೆ ಅದನ್ನು ಕಪ್ಪತಗುಡ್ಡದಲ್ಲಿ ಬಿಟ್ಟರೆ ಒಳ್ಳೆಯದೆಂದು ಊರವರು ಹೇಳುತ್ತಾರೆ. ಅದು ವನ್ಯಜೀವಿಧಾಮವಲ್ಲವೇ?

ಉತ್ತರ: ಕಪ್ಪತಗುಡ್ಡ ವನ್ಯಜೀವಿಧಾಮವೆಂಬುದು ನಿಜ, ಆದರೆ ಆ ಹಾವಿಗೆ ಅದು ಪರದೇಶ. ಯಾವ ಬದುವಿನಲ್ಲಿ ಬಿಲವಿದೆ, ಬೇಸಿಗೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಲ್ಲಿನ ಕೆಳಗೆ ಚಳಿಗಾಲ ಕಳೆಯಬಹುದು ಎಂಬುದೆಲ್ಲ ಅದಕ್ಕೆ ತನ್ನ ಓಡಾಟದ ಒಂದಿಷ್ಟು ನೆಲದಲ್ಲಿ ಮಾತ್ರ ಗೊತ್ತು. ದೂರ ಒಯ್ದು ಬಿಟ್ಟ ಹಾವುಗಳು ನೆಲೆ ಹುಡುಕುತ್ತ ವಿಪರೀತ ಅಲೆದು, ರಸ್ತೆ ದಾಟುವಾಗ, ಹದ್ದಿನ ಕಣ್ಣಿಗೆ ಬಿದ್ದಾಗ, ಹಸಿವಿನಿಂದ ಸಾಯುವುದೇ ಹೆಚ್ಚು. ಆರು ವಾರ ಕಷ್ಟಪಟ್ಟು ಉಳಿಸಿದ ಜೀವವನ್ನು ಒಳ್ಳೆಯ ಮನಸ್ಸಿನಿಂದಲೇ ಹೀಗೆ ಕಳೆದುಕೊಳ್ಳುವುದನ್ನು ಕಂಡು ನನಗೆ ಬಹಳ ನೋವಾಗಿದೆ. ಸಿಕ್ಕ ಜಾಗದಿಂದ ಒಂದು ಕಿಲೋಮೀಟರಿನೊಳಗೆ, ಶಾಲೆಯ ಆಚೆಗಿನ ಹಳ್ಳದ ದಂಡೆಯಲ್ಲಿಯೋ ಹಳೆಯ ಒಡ್ಡಿನಲ್ಲಿಯೋ ಬಿಡಿಸಲು ಇಲಾಖೆಯವರನ್ನು ಕೇಳಿಕೊಳ್ಳಿರಿ. ಊರವರು ಒಪ್ಪಲಾರರೆಂಬ ಅಂಜಿಕೆಯಿದ್ದರೆ ನಿಮ್ಮ ಮಕ್ಕಳಿಂದ ಆರಂಭಿಸಿರಿ: ಕೇರೆಗೆ ವಿಷವಿಲ್ಲ, ಅದರ ಬಾಲದಲ್ಲಿ ಮುಳ್ಳಿಲ್ಲ, ಅದು ಹಸುವಿನ ಕೆಚ್ಚಲಿಗೆ ಬಾಯಿ ಹಾಕುವುದಿಲ್ಲ, ನಾಗರಕ್ಕೂ ಅದಕ್ಕೂ ಸಂಬಂಧ ಬೆಳೆಯುವುದಿಲ್ಲ. ಎರಡು ಹಾವುಗಳು ಹೆಣೆದುಕೊಂಡು ಎದ್ದು ನಿಂತಾಗ ಜನ ಮಿಲನವೆಂದು ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ಎರಡು ಗಂಡು ಕೇರೆಗಳ ಬಲಪರೀಕ್ಷೆ. ಆದರೆ ಹಾವನ್ನು ಗುರುತಿಸಲು ಮಕ್ಕಳು ಹತ್ತಿರ ಹೋಗಬಾರದೆಂಬುದನ್ನೂ ಅಷ್ಟೇ ಒತ್ತಿ ಹೇಳಿರಿ. ಯಾವ ಹಾವು ಕಚ್ಚಿದರೂ ಕೇರೆಯೆಂದು ತಾವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಬೇಕು.

ಬಿಡುವ ದಿನ ಬಿಸಿಲಿರಲಿ. ಕೇರೆ ಹಗಲಿನ ಹಾವಾದ್ದರಿಂದ ಬೆಳಿಗ್ಗೆ ಒಂಬತ್ತು, ಹತ್ತರ ಸುಮಾರಿಗೆ ಬಿಟ್ಟರೆ ಕತ್ತಲಾಗುವುದರೊಳಗೆ ಬಿಲ ಹುಡುಕಿಕೊಳ್ಳಲು ಅದಕ್ಕೆ ಇಡೀ ದಿನ ಸಿಗುತ್ತದೆ. ಆ ದಿನಕ್ಕಿಂತ ಹಿಂದಿನ ನಾಲ್ಕೈದು ದಿನ ಅದಕ್ಕೆ ಆಹಾರ ಕೊಟ್ಟಿರಬಾರದು, ಏಕೆಂದರೆ ಹೊಟ್ಟೆ ತುಂಬಿದ ಹಾವು ಓಡಲಾರದು. ಚೀಲದ ಬಾಯನ್ನು ಪೊದೆಯ ಕಡೆಗೆ ತಿರುಗಿಸಿ ನೆಲದ ಮೇಲಿಟ್ಟು, ಗಂಟು ಬಿಚ್ಚಿ, ಎಲ್ಲರೂ ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು.